ಪಾಚಿಗೆ ಪಾಚಿಯೇ ಮದ್ದು: ಫ್ಲಾಸ್ಕಿನ ಲೆಕ್ಕ, ಕೆರೆಯ ಲೆಕ್ಕ

[ದೃಶ್ಯ: ಜಪಾನಿನ ನಕ್ಷೆ, ಸೆಟೊ ಒಳಸಮುದ್ರ]

1972ರಲ್ಲಿ ಇಲ್ಲಿ ಛಾಟೊನೆಲ್ಲಾ ಅನ್ನೋ ಏಕಕೋಶದ ಪಾಚಿ ಮಿತಿಮೀರಿ ಬೆಳೆದು, ಸಾಕಿದ್ದ ಸುಮಾರು 1.4 ಕೋಟಿ ಯೆಲ್ಲೋಟೇಲ್ ಮೀನು ಸತ್ತವು. ಇಂಥ ಪಾಚಿಯನ್ನು ಕೊಲ್ಲೋ ವಸ್ತು ಇನ್ನೊಂದು ಪಾಚಿಯಲ್ಲೇ ಇದೆ. ಅದು ಉಲ್ವಾ. ನಮ್ಮ ಕರಾವಳಿಯ ಬಂಡೆಗಳ ಮೇಲೂ ಸಿಗುತ್ತೆ, ತೆಳು ಹಸಿರು ಹಾಳೆ ಥರ.

[ದೃಶ್ಯ: ಉಲ್ವಾ ಹಾಳೆ, ಹತ್ತಿರದಿಂದ]

ಕೆಲಸ ಮಾಡೋದು ಇದರ ಕೊಬ್ಬಿನಾಮ್ಲಗಳು. ಮುಖ್ಯವಾಗಿ ಆಲ್ಫಾ ಲಿನೋಲೆನಿಕ್ ಆಮ್ಲ, ಜೊತೆಗೆ ನಾಲ್ಕು ದ್ವಿಬಂಧ, ಅಂದ್ರೆ ಇಂಗಾಲದ ಪರಮಾಣುಗಳ ನಡುವೆ ಜೋಡಿ ಕೊಂಡಿ, ಇರೋ ಇನ್ನೆರಡು. ಛಾಟೊನೆಲ್ಲಾಗೆ ಗಟ್ಟಿ ಕೋಶಭಿತ್ತಿ ಇಲ್ಲ, ಬರೀ ಪೊರೆ. ಪೊರೆ ಕೆಟ್ಟರೆ ಕೋಶ ಉಬ್ಬಿ ಒಡೆಯುತ್ತೆ. ಆದರೆ ಅದೇ ದ್ವಿಬಂಧಗಳು ಗಾಳಿಗೂ ಬಿಸಿಲಿಗೂ ಬೇಗ ಕೆಡ್ತವೆ. ಹಾಗಾಗಿ ಉಲ್ವಾವನ್ನು ಬಿಸಿಲಲ್ಲಿ ಹರವಬೇಡಿ. ಸೋಸಿದ ಸಮುದ್ರದ ನೀರಲ್ಲಿ ತೊಳೆದು, ಅಂಟಿರೋ ಸಣ್ಣ ಜೀವಿಗಳನ್ನು ಬ್ರಷ್‌ನಲ್ಲಿ ತೆಗೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಕತ್ತಲ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿ.

[ದೃಶ್ಯ: ಸಾಲಾಗಿ ಫ್ಲಾಸ್ಕ್‌ಗಳು]

ಎಷ್ಟು ಪುಡಿ ಬೇಕು ಅಂತ ನೋಡೋಕೆ, ಒಂದೊಂದು ಫ್ಲಾಸ್ಕಿಗೂ ಛಾಟೊನೆಲ್ಲಾ ಇರೋ 100 ಮಿಲಿ ನೀರು. ಪುಡಿ ಲೀಟರಿಗೆ 0.2, 0.4, 0.8, 1.6 ಗ್ರಾಂ ಲೆಕ್ಕದಲ್ಲಿ. ಪ್ರತಿ ಪ್ರಮಾಣಕ್ಕೂ ಮೂರು ಫ್ಲಾಸ್ಕ್, ಪುಡಿ ಹಾಕದ ಮೂರು ಬೇರೆ. ದಿನಾ ಸೂಕ್ಷ್ಮದರ್ಶಕದ ಕೆಳಗೆ ಸೆಡ್ಜ್‌ವಿಕ್ ರಾಫ್ಟರ್ ಅನ್ನೋ ಎಣಿಕೆಯ ಸ್ಲೈಡಿನಲ್ಲಿ ಕೋಶ ಎಣಿಸಿ, ಆದರೆ ಜೀವಂತ ಇರುವಾಗಲೇ. ಕೆಡದಂತೆ ಇಡೋಕೆ ಬಳಸೋ ಲ್ಯುಗೋಲ್ ಅಯೋಡಿನ್ ಹಾಕಿಟ್ಟರೆ ಛಾಟೊನೆಲ್ಲಾ ಆಕಾರವೇ ಕೆಟ್ಟು ಹೋಗಿ ಎಣಿಕೆ ದಾರಿ ತಪ್ಪುತ್ತೆ.

ಪುಡಿ ಬದಲು ಹಸಿ ಉಲ್ವಾ ಹಾಕಿದರೆ ಇನ್ನೂ ಹುಷಾರು. ಅದು ನೈಟ್ರೇಟ್ ಹೀರುತ್ತೆ, ಪಿಎಚ್ ಅನ್ನು 9ರ ಮೇಲಕ್ಕೂ ಏರಿಸಬಹುದು. ಪಾಚಿ ಸತ್ತದ್ದು ಮದ್ದಿನಿಂದಲೋ, ಹಸಿವಿನಿಂದಲೋ? ಪೋಷಕಾಂಶ ಮತ್ತೆ ಮತ್ತೆ ಸೇರಿಸದೆ, ಪಿಎಚ್ ಅಳೆಯದೆ ಬಂದ ಫಲಿತಾಂಶವನ್ನು ನಂಬೋ ಹಾಗಿಲ್ಲ. ಇನ್ನೊಂದು ವಿಷಯ: ಉಲ್ವಾ ಬೆಳೆದ ನೀರನ್ನು ಸೋಸಿ ಹಾಕಿದ ಪ್ರಯೋಗಗಳಲ್ಲಿ ಪರಿಣಾಮ ಅಷ್ಟಾಗಿ ಕಂಡಿಲ್ಲ. ವಸ್ತು ಬೇಗ ಕೆಟ್ಟು ಹೋಗುತ್ತೆ, ಸತತವಾಗಿ ಬರ್ತಾನೇ ಇರಬೇಕು.

[ದೃಶ್ಯ: ಕಪ್ಪು ಹಲಗೆಯ ಮೇಲೆ ಲೆಕ್ಕ]

ಈಗ ಅಸಲಿ ತೊಡಕು. ಫ್ಲಾಸ್ಕಿನಲ್ಲಿ ಲೀಟರಿಗೆ ಅರ್ಧ ಗ್ರಾಂ ಸಾಕಾಯ್ತು ಅಂತಿಟ್ಟುಕೊಳ್ಳಿ. ಅಂದ್ರೆ ಒಂದು ಘನ ಮೀಟರಿಗೆ 500 ಗ್ರಾಂ. ಒಂದು ಹೆಕ್ಟೇರ್ ಅಗಲ, ಎರಡು ಮೀಟರ್ ಆಳದ ನೀರು 20,000 ಘನ ಮೀಟರ್. ಬೇಕಾದ ಒಣ ಪುಡಿ 10 ಟನ್! ಅಷ್ಟೂ ಕೊಳೆತರೆ ಆಮ್ಲಜನಕ ಖಾಲಿ, ಸಾರಜನಕ, ರಂಜಕ ಮತ್ತೆ ನೀರಿಗೇ. ಅಂದ್ರೆ ಪಾಚಿ ಮತ್ತೆ ಮಿತಿಮೀರಿ ಬೆಳೆಯೋಕೆ ಗೊಬ್ಬರ. ಉಲ್ವಾನೂ ಸಾಧು ಅಲ್ಲ ಬಿಡಿ: 2008ರ ಒಲಿಂಪಿಕ್ಸ್‌ಗೆ ಮೊದಲು ಚೀನಾದ ಚಿಂಗ್‌ಡಾವ್ ಕಡಲನ್ನು ಮುಚ್ಚಿದ್ದು ಇದರ ಬಳಗದ್ದೇ ಇನ್ನೊಂದು ಜಾತಿ.

ಹಾಗಾಗಿ ಇದು ಮೀನುಮರಿ ಕೇಂದ್ರದ ತೊಟ್ಟಿಗೆ, ಒಳಬರೋ ನೀರಿಗೆ ಪರೀಕ್ಷಿಸಿ ನೋಡಬಹುದಾದ ವಿಧಾನ. ಅಲ್ಲೂ ಮೀನುಮರಿ ಬಿಡೋ ಮೊದಲು ಬೇರೆ ತೊಟ್ಟಿಯಲ್ಲಿ ಪರೀಕ್ಷೆ ಆಗಲೇಬೇಕು, ಇದೇ ಆಮ್ಲಗಳು ಕಿವಿರಿಗೂ ಕೆಟ್ಟದ್ದು. ಬೆಂಗಳೂರಿನ ಕೆರೆಗಳ ಮೈಕ್ರೊಸಿಸ್ಟಿಸ್ ಅನ್ನೋ ನೀಲಿಹಸಿರು ಪಾಚಿಗೆ ಇದೇ ಪ್ರಮಾಣ ಹಾಕೋಕೆ ಹೋಗಬೇಡಿ. ಅದು ಸಿಹಿನೀರಿನದ್ದು, ಲೋಳೆಯ ಹೊದಿಕೆ ಇರೋ ಗುಂಪು.

[ದೃಶ್ಯ: ಅಣೆಕಟ್ಟಿನ ನೀರು]

ಕುಡಿಯೋ ನೀರಾದರೆ ಮದ್ದು ಯಾವುದೇ ಆಗಿರಲಿ, ಒಂದು ಅಪಾಯ ಇದ್ದೇ ಇರುತ್ತೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಪಾಚಿ ಕೊಲ್ಲೋಕೆ ಜಲಾಶಯಕ್ಕೆ ತಾಮ್ರದ ಸಲ್ಫೇಟ್ ಹಾಕಿದರು. ಸತ್ತ ಕೋಶಗಳಿಂದ ವಿಷ ನೀರಿಗೆ ಬಂತು, 148 ಜನ ಕಾಯಿಲೆ ಬಿದ್ದರು. ನೀರು ತಿಳಿಯಾಯ್ತು ಅಂತ ಗೇಟು ತೆಗೆಯಬೇಡಿ. ಮೈಕ್ರೊಸಿಸ್ಟಿಸ್ ಇದ್ದ ನೀರಾದರೆ ಕೋಶದೊಳಗಿನ, ಕರಗಿರೋ ವಿಷ ಎರಡನ್ನೂ ಅಳೆಸಿ. ದಿನನಿತ್ಯ ಕುಡಿಯೋ ನೀರಲ್ಲಿ ಇದರ ವಿಷವಾದ ಮೈಕ್ರೊಸಿಸ್ಟಿನ್-ಎಲ್‌ಆರ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1 ಮೈಕ್ರೊಗ್ರಾಂ.