ಮೂರು ದಿನದಲ್ಲಿ ಎದ್ದು ನಿಂತ ಹಡಗು

ಕೇಳುಗರೆಲ್ಲರಿಗೂ ನಮಸ್ಕಾರ.

ನೌಕಾಪಡೆಯ ಇತಿಹಾಸ, ಸಮುದ್ರಬಲ, ಅಲ್ಲಿ ಸಿಗುವ ಕೆಲಸ, ಈ ಮೂರರ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಕೊಟ್ಟಿರುವುದು ಕೆಲವೇ ನಿಮಿಷ. ಇರಲಿ, ಇದ್ದಷ್ಟರಲ್ಲೇ ಹೇಳುತ್ತೇನೆ.

ಈಗ ಇದನ್ನು ಯಾರು ಕೇಳುತ್ತಿರಬಹುದು ಎಂದು ಬರುವಾಗ ಯೋಚಿಸುತ್ತಿದ್ದೆ. ಹತ್ತೊಂಬತ್ತು ವರ್ಷದ ಒಬ್ಬ ಹುಡುಗ, ಇಲ್ಲವೇ ಒಬ್ಬ ಹುಡುಗಿ. ವೆಲ್ಡಿಂಗೋ ವೈರಿಂಗೋ ಡೀಸೆಲ್ ಎಂಜಿನ್ ರಿಪೇರಿಯೋ ಕಲಿಯುತ್ತಿದ್ದೀರಿ. ನೌಕಾಪಡೆ ಎಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬರುವುದು ಬಿಳಿ ಸಮವಸ್ತ್ರ, ಕೈಯಲ್ಲಿ ದುರ್ಬೀನು, ಹಿಂದೊಂದು ದೊಡ್ಡ ತೋಪು. ಅದು ನಮ್ಮಂಥವರಿಗಲ್ಲ ಬಿಡಿ ಅಂದುಕೊಂಡಿದ್ದೀರಿ, ಅಲ್ವಾ? ನಾನು ಮಾತಾಡುತ್ತಿರುವುದು ನಿಮ್ಮ ಹತ್ತಿರವೇ.

ನನಗೆ ಹೇಳುವುದಕ್ಕಿರುವುದು ಒಂದೇ ಮಾತು. ಸಮುದ್ರಬಲ ಅಂದರೆ ರಿಪೇರಿ. ತೋಪು ಎಲ್ಲರ ಹತ್ತಿರವೂ ಇರುತ್ತದೆ. ಏಟು ತಿಂದ ಹಡಗನ್ನು ಯಾರು ಬೇಗ ಸರಿಮಾಡಿ ಮತ್ತೆ ನೀರಿಗೆ ಬಿಡುತ್ತಾರೋ ಅವರ ಕೈಯಲ್ಲಿ ಸಮುದ್ರ.

ಇದಕ್ಕೊಂದು ಕಥೆ ಇದೆ. ಎಷ್ಟು ಸಲ ಹೇಳಿದರೂ ನನಗೆ ಬೇಜಾರಾಗುವುದಿಲ್ಲ.

1942ರ ಮೇ ತಿಂಗಳು. ಎರಡನೇ ಮಹಾಯುದ್ಧ. ಅಮೆರಿಕದ ವಿಮಾನವಾಹಕ ನೌಕೆ ಯಾರ್ಕ್‌ಟೌನ್ ಆಸ್ಟ್ರೇಲಿಯಾ ಪಕ್ಕದ ಕೋರಲ್ ಸಮುದ್ರದ ಕಾಳಗದಲ್ಲಿ ಜಪಾನಿಯರ ಬಾಂಬು ತಿಂದಿತು. ಬಾಂಬು ಮೇಲಿನ ಡೆಕ್ ತೂತು ಮಾಡಿಕೊಂಡು ಒಳಗೆ ಇಳಿದು, ಹಡಗಿನ ಹೊಟ್ಟೆಯಲ್ಲಿ ಸಿಡಿಯಿತು. ಪಕ್ಕದಲ್ಲಿ ಬಿದ್ದ ಬಾಂಬುಗಳಿಗೆ ತೈಲದ ಟ್ಯಾಂಕು ಬಿರುಕುಬಿಟ್ಟು, ಹಡಗು ಹೋದಲ್ಲೆಲ್ಲ ನೀರಿನ ಮೇಲೆ ಎಣ್ಣೆಯ ಗೆರೆ. ಹಾಗೇ ಕುಂಟುತ್ತಾ ಮೇ 27ಕ್ಕೆ ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್‌ಗೆ ಬಂತು. ಇದನ್ನು ಸರಿಮಾಡಲು 90 ದಿನ ಬೇಕು ಎಂದು ಅಂದಾಜು ಕಟ್ಟಿದ್ದರು.

ಅಲ್ಲಿನ ಅಮೆರಿಕನ್ ನೌಕಾದಂಡಿನ ಮುಖ್ಯಸ್ಥ ಅಡ್ಮಿರಲ್ ನಿಮಿಟ್ಜ್ ಹತ್ತಿರ 90 ದಿನ ಎಲ್ಲಿತ್ತು? ಜಪಾನಿನ ದೊಡ್ಡ ದಂಡು ಮಿಡ್‌ವೇ ದ್ವೀಪದ ಕಡೆ ಹೊರಟಿದೆ ಎಂದು ಅವರಿಗೆ ಗೊತ್ತಾಗಿತ್ತು. ಡ್ರೈ ಡಾಕಿನಿಂದ, ಅಂದರೆ ಹಡಗನ್ನು ಒಳಗೆ ತಂದು ನೀರು ಖಾಲಿಮಾಡಿ ರಿಪೇರಿ ಮಾಡುವ ತೊಟ್ಟಿಯಿಂದ, ನೀರು ಪೂರ್ತಿ ಖಾಲಿಯಾಗುವ ಮುಂಚೆಯೇ ಉದ್ದ ಬೂಟು ಹಾಕಿಕೊಂಡು ಇಳಿದು, ಹಡಗಿನ ತಳ ನೋಡಿದರು. ಮೂರು ದಿನದಲ್ಲಿ ಈ ಹಡಗು ಬೇಕು ಎಂದರು. ಅಷ್ಟೇ.

ಸುಮಾರು 1,400 ಜನ ಹಗಲು ರಾತ್ರಿ ಹಡಗಿನ ಮೇಲೆ ಬಿದ್ದರು. ವೆಲ್ಡರ್‌ಗಳು, ಫಿಟ್ಟರ್‌ಗಳು, ಎಲೆಕ್ಟ್ರಿಷಿಯನ್‌ಗಳು, ಬಡಗಿಗಳು. ಒಳಗೆ ಧಗೆ, ಹೊಗೆ. ಬಗ್ಗಿದ ಗೋಡೆಗಳಿಗೆ ಮರದ ತೊಲೆಯ ಆಸರೆ ಕೊಟ್ಟರು. ತೂತುಗಳ ಮೇಲೆ ಕಬ್ಬಿಣದ ತಗಡು ಇಟ್ಟು ವೆಲ್ಡ್ ಮಾಡಿದರು. ಚೆಂದ ಯಾರಿಗೆ ಬೇಕಿತ್ತು? ನೀರು ಒಳಗೆ ಬರಬಾರದು, ವಿಮಾನ ಹಾರಬೇಕು. ಮೇ 30ರ ಬೆಳಗ್ಗೆ ಯಾರ್ಕ್‌ಟೌನ್ ಹೊರಟೇಬಿಟ್ಟಿತು.

ಅದೇ ಹೊತ್ತಿಗೆ ಜಪಾನಿನ ಕಡೆ ಏನಾಗಿತ್ತು ಗೊತ್ತಾ? ಕೋರಲ್ ಸಮುದ್ರದಲ್ಲೇ ಇದ್ದ ಅವರ ಜುಯ್‌ಕಾಕು ಎಂಬ ವಿಮಾನವಾಹಕಕ್ಕೆ ಒಂದೇ ಒಂದು ಬಾಂಬೂ ತಾಗಿರಲಿಲ್ಲ. ಆದರೆ ಅದರ ಎಷ್ಟೋ ವಿಮಾನಗಳು ನಾಶವಾಗಿದ್ದವು, ಪೈಲಟ್‌ಗಳೂ ಬಹಳ ಜನ ಸತ್ತಿದ್ದರು. ಬೇರೆ ಹಡಗಿನ ಪೈಲಟ್‌ಗಳನ್ನು ಸೇರಿಸಿ ಕಳಿಸಬಹುದಿತ್ತು. ಕಳಿಸಲಿಲ್ಲ. ಗಟ್ಟಿಮುಟ್ಟಾದ ಹಡಗು ಬಂದರಿನಲ್ಲಿ ಉಳಿಯಿತು, ತೇಪೆ ಹಾಕಿದ ಹಡಗು ಯುದ್ಧಕ್ಕೆ ಹೋಯಿತು!

ಕಥೆ ಇಲ್ಲಿಗೆ ಮುಗಿಯಲಿಲ್ಲ. ಈಗ ಬರುವುದೇ ನನಗೆ ತುಂಬಾ ಇಷ್ಟವಾದ ಭಾಗ.

ಕೋರಲ್ ಸಮುದ್ರದಲ್ಲಿ ಲೆಕ್ಸಿಂಗ್ಟನ್ ಎಂಬ ಜೊತೆಯ ಹಡಗು ಮುಳುಗಿತ್ತು. ಅದರ ಕಥೆ ಮುಗಿಸಿದ್ದು ಸೋರಿದ ಪೆಟ್ರೋಲಿನ ಆವಿ. ಒಳಗೆ ತುಂಬಿಕೊಂಡು ಸಿಡಿಯಿತು. ಯಾರ್ಕ್‌ಟೌನಿನಲ್ಲಿ ವಿಮಾನಗಳಿಗೆ ಪೆಟ್ರೋಲು ತುಂಬಿಸುವ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಆಸ್ಕರ್ ಮೈಯರ್ಸ್ ಎಂಬ ಮೆಷಿನಿಸ್ಟ್ ಇದನ್ನು ನೋಡಿ ಒಂದು ಉಪಾಯ ಹೇಳಿದ. ಶತ್ರು ವಿಮಾನ ಬರುವ ಮುಂಚೆ ಪೈಪುಗಳಿಂದ ಪೆಟ್ರೋಲು ವಾಪಸ್ ಇಳಿಸಿ, ಖಾಲಿ ಪೈಪಿಗೆ ಇಂಗಾಲದ ಡೈಆಕ್ಸೈಡ್ ತುಂಬಿಸೋಣ. ಆ ಅನಿಲದಲ್ಲಿ ಬೆಂಕಿ ಹತ್ತುವುದಿಲ್ಲ. ಅಡ್ಮಿರಲ್ಲೂ ಅಲ್ಲ, ಕ್ಯಾಪ್ಟನ್ನೂ ಅಲ್ಲ, ಪೈಪು ನೋಡಿಕೊಳ್ಳುವವನು!

ಜೂನ್ 4. ಮಿಡ್‌ವೇ. ಜಪಾನಿನ ಹಿರ್ಯು ಹಡಗಿನ ವಿಮಾನಗಳು ಬಂದು ಯಾರ್ಕ್‌ಟೌನಿಗೆ ಮೂರು ಬಾಂಬು ಹಾಕಿದವು. ಪೆಟ್ರೋಲಿಗೆ ಬೆಂಕಿ ಹತ್ತಲಿಲ್ಲ. ಆದರೆ ಒಂದು ಬಾಂಬು ಹೊಗೆಕೊಳವೆಯೊಳಗೆ ಸಿಡಿದು ಬಾಯ್ಲರ್‌ಗಳು ಆರಿಹೋದವು. ಹಡಗು ನಿಂತಿತು. ಒಂದು ಬಾಯ್ಲರ್‌ನ ಜನ ಮಾತ್ರ ಹೊಗೆ ಕುಡಿಯುತ್ತಾ ಅಲ್ಲೇ ನಿಂತು ಬೆಂಕಿ ಉಳಿಸಿಕೊಂಡರು. ಮೇಲೆ ಡೆಕ್ಕಿನ ತೂತಿಗೆ ಅರ್ಧ ಗಂಟೆಯೊಳಗೆ ಮರದ ತೊಲೆ, ಕಬ್ಬಿಣದ ಹಲಗೆ ಹಾಕಿ ಮುಚ್ಚಿದರು. ಎರಡು ಗಂಟೆಯೊಳಗೆ ಹಡಗು ಮತ್ತೆ ಓಡತೊಡಗಿತು.

ಎರಡನೇ ಸಲ ಹಿರ್ಯುವಿನಿಂದ ಬಂದದ್ದು ಟಾರ್ಪಿಡೊ, ಅಂದರೆ ನೀರಿನೊಳಗೆ ಓಡಿ ಹಡಗಿಗೆ ಬಡಿಯುವ ಬಾಂಬು, ಹೊತ್ತ ವಿಮಾನಗಳು. ಕೆಳಗೆ ಓಡುತ್ತಿದ್ದ ಹಡಗು ನೋಡಿ, ಇದು ಬೇರೆಯದು, ಏಟೇ ತಿಂದಿಲ್ಲದ್ದು ಎಂದುಕೊಂಡು ಅದೇ ಯಾರ್ಕ್‌ಟೌನಿಗೇ ಮತ್ತೆ ಹೊಡೆದವು! ಉಳಿದ ಎರಡು ಅಮೆರಿಕನ್ ವಿಮಾನವಾಹಕಗಳಿಗೆ ಏನೂ ಆಗಲಿಲ್ಲ. ಹಿರ್ಯು ಎಲ್ಲಿದೆ ಎಂದು ಹುಡುಕಿಕೊಟ್ಟದ್ದೂ ಯಾರ್ಕ್‌ಟೌನಿನ ವಿಮಾನವೇ. ಆ ಯುದ್ಧದಲ್ಲಿ ಜಪಾನ್ ನಾಲ್ಕು ವಿಮಾನವಾಹಕ ಕಳೆದುಕೊಂಡಿತು. ಯಾರ್ಕ್‌ಟೌನ್ ಕೂಡ ಕೊನೆಗೆ ಜಲಾಂತರ್ಗಾಮಿಯೊಂದರ ಟಾರ್ಪಿಡೊ ತಿಂದು, ಜೂನ್ 7ರ ಬೆಳಗ್ಗೆ ಮುಳುಗಿತು. ಮುಳುಗುವ ಮುಂಚೆ ಮೂರು ದಿನದ ವೆಲ್ಡಿಂಗ್ ತನ್ನ ಕೆಲಸ ಮಾಡಿ ಮುಗಿಸಿತ್ತು.

ಗಡಿಯಾರ ನೋಡಿದರೆ ಭಯವಾಗುತ್ತಿದೆ. ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ರಿಪೇರಿ ಎಂದರೆ ಕಬ್ಬಿಣದ್ದು ಮಾತ್ರ ಅಲ್ಲ, ಮನುಷ್ಯರದ್ದೂ ಹೌದು. ಹಿಂದೆ ದೂರದ ಪ್ರಯಾಣದಲ್ಲಿ ಗುಂಡಿಗಿಂತ ಜಾಸ್ತಿ ನಾವಿಕರನ್ನು ಕೊಂದದ್ದು ತಾಜಾ ಹಣ್ಣು, ತರಕಾರಿ ಸಿಗದೆ ಬರುವ ಸ್ಕರ್ವಿ ಕಾಯಿಲೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಔಷಧಿ ಕೊಟ್ಟ. ಕಿತ್ತಳೆ, ನಿಂಬೆ ತಿಂದವರು ವಾರದೊಳಗೆ ಚೇತರಿಸಿಕೊಂಡರು. ಬ್ರಿಟಿಷ್ ನೌಕಾಪಡೆ ನಾವಿಕರಿಗೆ ನಿಂಬೆರಸ ಕೊಡಿ ಎಂದು ಆಜ್ಞೆ ಮಾಡಿದ್ದು 1795ರಲ್ಲಿ. ನಡುವೆ 48 ವರ್ಷ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಯುದ್ಧ ಇಲ್ಲದಾಗ ನೌಕಾಪಡೆಗೆ ಏನು ಕೆಲಸ ಎಂದು ಕೇಳುವವರಿದ್ದಾರೆ. ಪ್ರಪಂಚದ ವ್ಯಾಪಾರದ ಸರಕಿನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿ ಹೋಗುವುದು ಹಡಗಿನಲ್ಲಿ. ಆ ದಾರಿ ಕಾಯಬೇಡವೇ? ಇದರ ಬಗ್ಗೆ ಇನ್ನೊಂದು ದಿನ ಕರೆಯಲಿ, ಹೇಳುತ್ತೇನೆ.

ಇನ್ನು ಕೆಲಸದ ಮಾತು. ಎಂಜಿನ್, ವಿದ್ಯುತ್ತು, ರೇಡಾರ್, ಮುಳುಗುಗಾರರು, ನರ್ಸುಗಳು, ಸಮುದ್ರದ ಆಳ ಅಳೆದು ನಕ್ಷೆ ಮಾಡುವವರು, ಹವಾಮಾನ ನೋಡುವವರು, ಅಡುಗೆಯವರು, ಎಲ್ಲರೂ ಬೇಕು. ಬೆಂಕಿ ಬಿದ್ದರೆ ಅಡುಗೆಯವರೂ ಪೈಪು ಹಿಡಿಯಬೇಕು. ನಡುಸಮುದ್ರಕ್ಕೆ ಅಗ್ನಿಶಾಮಕ ದಳದವರು ಬರುವುದಿಲ್ಲ.

ನಾನೂ ಎಂಜಿನ್ ರೂಮಿನಿಂದಲೇ ಬಂದವನು. ನಮಗೆ ಮೊದಲು ಕೈಗೆ ಕೊಟ್ಟದ್ದು ಬಂದೂಕಲ್ಲ. ಒಂದು ಸುತ್ತಿಗೆ, ಒಂದು ಮೆದುಮರದ ಬೆಣೆ. ತರಬೇತಿಯ ಕೋಣೆಯ ಗೋಡೆಯಲ್ಲಿ ತೂತು, ಅದರಿಂದ ತಣ್ಣೀರು ಮುಖಕ್ಕೇ ಹೊಡೆಯುತ್ತದೆ. ನೀರು ಸೊಂಟಕ್ಕೆ ಬರುವುದರೊಳಗೆ ಬೆಣೆ ಬಡಿದು ಮುಚ್ಚಬೇಕು. ಮೆದುಮರವೇ ಏಕೆ? ತೂತಿನ ಆಕಾರಕ್ಕೆ ಅಮುಕಿಕೊಂಡು ಕೂರುತ್ತದೆ, ನೆನೆದು ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಸುಮ್ನೆ ಒಂದು ಮರದ ತುಂಡು ನೋಡಿ. ನಾನು ಮೊದಲ ಸಲ ಸುತ್ತಿಗೆಯನ್ನೇ ನೀರಿಗೆ ಬಿಟ್ಟಿದ್ದೆ.

ಎಲ್ಲೇ ಮಾತಾಡಿದರೂ ಕೊನೆಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಸಾರ್, ನನಗೆ ಮೆಷಿನ್ ಕೆಲಸ ಚೆನ್ನಾಗಿ ಬರುತ್ತದೆ, ಈಜು ಬರಲೇಬೇಕಾ?

ಬರಲೇಬೇಕಪ್ಪಾ. ಅದು ಹಡಗು! ಈ ವಾರವೇ ಯಾರಾದರೂ ಗೊತ್ತಿರುವವರ ಜೊತೆ ಹೋಗಿ ಕಲಿಯಲು ಶುರು ಮಾಡಿ. ನಮಸ್ಕಾರ.