ಹಿಮದ ಮೇಲೆ ಕಾಲಿಡುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಕುಂದಗೋಳ ತಾಲೂಕಿನ ಬೆಟದೂರ ಅಂದ ಕೂಡಲೇ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರು ದಿನದ ಮೇಲೆ ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿಮಕುಸಿತ ಅನ್ನೋ ಮಾತು ನಮ್ಮ ಓಣಿಗಳಿಗೆ ಬಂದದ್ದು ಆಗಲೇ.

ಈಗ ಹುಬ್ಬಳ್ಳಿ-ಧಾರವಾಡದ ಹುಡುಗ ಹುಡುಗಿಯರು ಚಳಿಗಾಲದಲ್ಲಿ ಉತ್ತರಾಖಂಡ, ಹಿಮಾಚಲಕ್ಕೆ ಟ್ರೆಕ್ ಹೋಗುತ್ತಾರೆ. ಹೋಗಲಿ, ಕಣ್ತುಂಬ ನೋಡಲಿ. ಆದರೆ ಹಿಮ ಎಲ್ಲೋ ಮೇಲಿನಿಂದ ಉರುಳಿ ಬರುತ್ತದೆ, ಓಡಿದರಾಯ್ತು ಅಂತ ಬಹಳ ಜನ ತಿಳಿದಿದ್ದಾರೆ. ನಿಜ ಬೇರೆ. ಜನ ಸಿಕ್ಕಿಬಿದ್ದ ಹಿಮಕುಸಿತಗಳಲ್ಲಿ ಬಹುಪಾಲು ಅವರ ಅಥವಾ ಜೊತೆಗಾರರ ಭಾರಕ್ಕೇ ಬಿಚ್ಚಿಕೊಂಡಂಥವು.

ಮನೆಯಲ್ಲೇ ನೋಡಬಹುದು. ಮೊರದ ಮೇಲೆ ತೆಳ್ಳಗೆ ಸಾಬೂದಾಣಿ ಹರಡಿ, ಅದರ ಮೇಲೆ ಒಂದು ಕಡಕ್ ರೊಟ್ಟಿ ಇಡಿ. ನಿಧಾನವಾಗಿ ಓರೆ ಮಾಡಿ. ಸ್ವಲ್ಪ ಹೊತ್ತು ರೊಟ್ಟಿ ಅಲ್ಲಾಡುವುದಿಲ್ಲ. ಆಮೇಲೆ ಒಮ್ಮೆಲೇ ಇಡೀ ರೊಟ್ಟಿ ಜಾರುತ್ತದೆ. ಬೆಟ್ಟದಲ್ಲೂ ಹೀಗೇ. ಚಳಿ ಜಾಸ್ತಿಯಾಗಿ, ಹಿಮ ತೆಳ್ಳಗಿದ್ದರೆ ತಳದ ಹಿಮ ಸಕ್ಕರೆ ಹರಳಿನಂತೆ ಬಿಡಿಬಿಡಿಯಾಗುತ್ತದೆ. ಅದರ ಮೇಲೆ ಹೊಸ ಹಿಮ ಹಲಗೆಯಂತೆ ಕೂರುತ್ತದೆ. ಒಬ್ಬರ ಹೆಜ್ಜೆ ಸಾಕು, ಹಲಗೆ ಹೊರಡುತ್ತದೆ. ಇಂಥದ್ದು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಮೊಬೈಲಿನಲ್ಲೇ ಅಳೆಯಬಹುದು.

ರಾಶಿ ತೂರುವಾಗ ಹೊಟ್ಟು ಗಾಳಿಯ ಆಚೆ ಬದಿಗೆ ಗುಡ್ಡೆಯಾಗುತ್ತದೆ, ಅಲ್ವಾ? ಪರ್ವತದ ಏಣಿನಲ್ಲೂ ಗಾಳಿ ಈಚೆ ಬದಿಯ ಹಿಮ ಎತ್ತಿ ಆಚೆ ಮರೆಗೆ ಸುರಿಯುತ್ತದೆ. ಆಕಾಶದಿಂದ ಒಂದು ಹಳಕೂ ಬೀಳದಿದ್ದರೂ ಅಲ್ಲಿ ಭಾರ ಏರುತ್ತಿರುತ್ತದೆ. ಹಿಮ ಸುರಿದು ನಿಂತು, ನೀಲಿ ಆಕಾಶ ಹೊಳೆಯುವ ಮೊದಲ ದಿನವೂ ಹಾಗೇ. ಫೋಟೋಕ್ಕೆ ಚೆಂದ, ಕಾಲಿಗೆ ಅಪಾಯ.

ಒಮ್ಮೆ ಹಿಮಾಚಲದಲ್ಲಿ ನನ್ನ ಕಾಲಡಿ 'ಧೊಪ್' ಅಂತ ಸದ್ದಾಯಿತು. ತುಂಬಿದ ಜೋಳದ ಚೀಲ ಅಟ್ಟದಿಂದ ಬಿದ್ದಂತೆ. ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಓಡಿತು. ಗೈಡ್ ಮಾತಾಡದೆ ಕೈ ಎತ್ತಿ, ಎಲ್ಲರನ್ನೂ ಬಂದ ಹೆಜ್ಜೆಯಲ್ಲೇ ವಾಪಸ್ ಕಳಿಸಿದರು. ಶಿಖರ ಎರಡೇ ತಾಸಿನ ದಾರಿ. ದುಡ್ಡು ಕೊಟ್ಟಿದ್ದೇವೆ ಅಂತ ಕೆಲವರು ಮುನಿಸಿಕೊಂಡರು. ಆ 'ಧೊಪ್' ಹಿಮದ ಒಳಗಿನ ಪದರ ಮುರಿದ ಸದ್ದು. ಆ ಗೈಡ್ ಋಣ ನನ್ನ ಮೇಲೆ ಇನ್ನೂ ಇದೆ.

ಹೋಗುವ ಮುಂಚೆ ಡಿಆರ್‌ಡಿಒದ ಚಂಡೀಗಢ ಸಂಸ್ಥೆ ಕೊಡುವ ಹಿಮಕುಸಿತದ ಮುನ್ಸೂಚನೆ ನೋಡಿ. ಅಪಾಯದ ಇಳಿಜಾರು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಅವರ ಮೇಲೆ ಕಣ್ಣಿಡಿ.

ಹನುಮಂತಪ್ಪ ಅವರಂತೆ ಆರು ದಿನ ಉಳಿಯುವುದು ಅಪರೂಪದಲ್ಲಿ ಅಪರೂಪ. ಹೂತವರನ್ನು 15 ನಿಮಿಷದೊಳಗೆ ತೆಗೆದರೆ ಬಹುತೇಕರು ಬದುಕುತ್ತಾರೆ. ಅರ್ಧ ತಾಸಾದರೆ ಉಸಿರುಗಟ್ಟಿ ಹೋಗುವವರೇ ಜಾಸ್ತಿ. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ. ಜೊತೆಗಾರರೇ ಅಗೆಯಬೇಕು. ಅದಕ್ಕೆ ಪ್ರತಿಯೊಬ್ಬರ ಬಳಿಯೂ ಬೀಕನ್, ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಪ್ರೋಬ್ ಕಡ್ಡಿ, ಸಲಿಕೆ ಬೇಕು. ಬೀಕನ್ ಅಂದರೆ ಹೂತವರು ಎಲ್ಲಿದ್ದಾರೆ ಅಂತ ಜೊತೆಗಾರರ ಬೀಕನ್‌ಗೆ ಸಂಕೇತ ಕಳಿಸುವ ಪುಟ್ಟ ರೇಡಿಯೋ. ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ ಬಂದರೆ, ಅದು 457ರಲ್ಲಿ ಮಿಡಿಯುತ್ತದೆ.

ಟ್ರೆಕ್ ಹೊರಡುವ ತಂಡ ಒಂದು ಭಾನುವಾರ ಯಾರದಾದರೂ ಹೊಲಕ್ಕೆ ಹೋಗಲಿ. ಒಬ್ಬರು ಬೀಕನ್ನನ್ನು ಚೀಲದಲ್ಲಿ ಕಟ್ಟಿ ಕಣಿಕೆ ಬಣವಿಯೊಳಗೆ ಬಚ್ಚಿಡಿ. ಉಳಿದವರು ಗಡಿಯಾರ ಹಿಡಿದು ಹುಡುಕಿ. ಮೊದಲ ಸಲ ನಮಗೆ 22 ನಿಮಿಷ ಹಿಡಿಯಿತು. ಸಂಜೆ ಹೊತ್ತಿಗೆ ಆರಕ್ಕೆ ಇಳಿದಿತ್ತು.