ತೂಕದ ಮಷೀನಿನ ಮೇಲೆ ದಾರಿಯಾ

ಎಲ್ಲರಿಗೂ ನಮಸ್ಕಾರ. ಯಾರಾದರೂ ಈ ಮೈಕ್ ಸ್ವಲ್ಪ ತಗ್ಗಿಸ್ತೀರಾ? ನನಗಿಂತ ಮೊದಲು ಮಾತಾಡಿದವರು ಆರಡಿ, ನಾನು ಐದಡಿ. ಹಾಂ, ಇಷ್ಟು ಸಾಕು.

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಎಳೆಯ ವಯಸ್ಸಿನಲ್ಲೇ ಚಾಂಪಿಯನ್ ತಯಾರಿ’ ಅಂತ ಇದೆ. ನಾನೂ ಒಪ್ಪಿಕೊಂಡೇ ಬಂದಿದ್ದೆ. ಆದರೆ ಬೆಳಿಗ್ಗೆ ಆರೂವರೆಗೆ ಇಲ್ಲಿ ಆಟೋ ಇಳಿದಾಗ ಇಬ್ಬರು ಹುಡುಗಿಯರು ಗ್ರೌಂಡ್ ಸುತ್ತುತ್ತಿದ್ದರು. ಮೈಮೇಲೆ ಸ್ವೆಟರ್, ಅದರ ಮೇಲೆ ರೇನ್‌ಕೋಟ್. ಇದು ಏಪ್ರಿಲ್ ತಿಂಗಳು. ಮಳೆ ಎಲ್ಲಿ ಬಂದಿತ್ತು? ನೀವೆಲ್ಲ ಕೋಚ್‌ಗಳು, ಪಿಟಿ ಮೇಷ್ಟ್ರುಗಳು. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎಂಟು ಗಂಟೆಗೆ ತೂಕ ನೋಡೋದಿತ್ತು, ಅಷ್ಟರೊಳಗೆ ಬೆವರು ಸುರಿಸಿ ತೂಕ ಇಳಿಸಬೇಕಿತ್ತು.

ಹಾಗಾಗಿ ಬರೆದು ತಂದದ್ದನ್ನು ಬ್ಯಾಗಿನಲ್ಲೇ ಬಿಟ್ಟಿದ್ದೇನೆ. ಉಕ್ರೇನಿನಲ್ಲಿ ಜೂಡೋ ಆಡುವ ಒಬ್ಬ ಹುಡುಗಿಯ ಬಗ್ಗೆ ಹೇಳುತ್ತೇನೆ. ದಾರಿಯಾ ಬಿಲೋಡಿಡ್. ಹೆಸರಲ್ಲೇ ದಾರಿ ಇದೆ, ಮರೆಯೋದಿಲ್ಲ.

ಹುಟ್ಟಿದ್ದು 2000ದ ಅಕ್ಟೋಬರ್ 10ರಂದು, ಕೀವ್‌ನಲ್ಲಿ. ತಂದೆ ಗೆನ್ನಾಡಿ ಉಕ್ರೇನ್ ಪರವಾಗಿ ಒಲಿಂಪಿಕ್ಸ್ ಆಡಿದವರು. ತಾಯಿ ಸ್ವಿತ್ಲಾನಾ ಜೂಡೋ ಕೋಚ್. ಮನೆಯೇ ಗರಡಿ ಅನ್ನಿ. 16ನೇ ವಯಸ್ಸಿಗೆ, 2017ರಲ್ಲಿ, ವಾರ್ಸಾದಲ್ಲಿ ಯುರೋಪಿಯನ್ ಚಾಂಪಿಯನ್. ಮರುವರ್ಷ ಸೆಪ್ಟೆಂಬರ್‌ನಲ್ಲಿ ಬಾಕುವಿನಲ್ಲಿ ವಿಶ್ವ ಚಾಂಪಿಯನ್, 48 ಕಿಲೋ ವಿಭಾಗದಲ್ಲಿ, ಅಂದರೆ ಮೈತೂಕ 48 ದಾಟಬಾರದು. ಆಗ ಅವಳಿಗೆ 17 ವರ್ಷ 345 ದಿನ. ಜೂಡೋದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ವಿಶ್ವ ಚಾಂಪಿಯನ್ ಆದವರು ಅದುವರೆಗೆ ಯಾರೂ ಇರಲಿಲ್ಲ.

ಆ ದಾಖಲೆ ಮೊದಲು ಜಪಾನಿನ ರ್ಯೋಕೊ ತಾನಿ ಹೆಸರಲ್ಲಿತ್ತು. 1993ರಲ್ಲಿ, 18 ವರ್ಷ 27 ದಿನಕ್ಕೆ ಗೆದ್ದಿದ್ದರು. ಆಗ ಅವರು ತಾಮುರಾ. ತಾಮುರಾ ಆಗಿ ಸಿಡ್ನಿಯಲ್ಲಿ ಚಿನ್ನ, ಮದುವೆಯಾಗಿ ತಾನಿ ಆದ ಮೇಲೆ ಅಥೆನ್ಸ್‌ನಲ್ಲಿ ಮತ್ತೆ ಚಿನ್ನ. ಮದುವೆ ಆಯ್ತಲ್ಲ, ಇನ್ನು ಆಟ ಯಾಕೆ ಅನ್ನುವ ಮನೆಗಳಿಗೆ ಇದನ್ನು ತಪ್ಪದೆ ಹೇಳಿ. ನಮ್ಮ ಅತ್ತೆಯವರಿಗೆ ಹೇಳುವಷ್ಟು ಧೈರ್ಯ ಆಗ ನನಗಿರಲಿಲ್ಲ.

ಬಾಕು ಫೈನಲ್‌ಗೆ ಬರೋಣ. ಎದುರಿಗೆ ಜಪಾನಿನ ಫುನಾ ತೊನಾಕಿ, ಹಿಂದಿನ ವರ್ಷದ ವಿಶ್ವ ಚಾಂಪಿಯನ್. ತೊನಾಕಿ ಎತ್ತರ 148 ಸೆಂಟಿಮೀಟರ್. ದಾರಿಯಾ 172. ಇಬ್ಬರೂ 48 ಕಿಲೋ! ಬಸ್ಸಿನಲ್ಲಿ ಒಬ್ಬಳು ಮೇಲಿನ ಕಂಬಿ ಹಿಡಿದು, ಇನ್ನೊಬ್ಬಳು ಸೀಟಿನ ಅಂಚು ಹಿಡಿದು ನಿಂತ ಹಾಗೆ. ದಾರಿಯಾ ಮಾಡುತ್ತಿದ್ದದ್ದು ಇಷ್ಟೇ. ಬಲಗೈಯನ್ನು ಎದುರಾಳಿಯ ಹೆಗಲ ಮೇಲಿಂದ ದಾಟಿಸಿ, ಬೆನ್ನ ಮೇಲೆ ಅಂಗಿ ಹಿಡಿಯೋದು. ಕುಳ್ಳಗಿನವರು ಅಲ್ಲಿಗೇ ಬಗ್ಗಿಬಿಡುತ್ತಾರೆ. ಆಮೇಲೆ ಉದ್ದನೆಯ ಕಾಲು ಒಳಗೆ ಹೋಗುತ್ತದೆ, ಎದುರಾಳಿಯ ಕಾಲನ್ನು ಒಳಗಿನಿಂದಲೇ ಕೊಯ್ದ ಹಾಗೆ ಎಳೆಯುತ್ತದೆ. ನಾವು ಒ-ಉಚಿ-ಗಾರಿ ಅನ್ನುತ್ತೇವೆ. ಬೆನ್ನು ಮ್ಯಾಟ್‌ಗೆ. ಇಪ್ಪೋನ್. ಮುಗೀತು.

ಹಿಂದೆ ಕೂತಿರುವ ತಂದೆತಾಯಿಗಳಿಗೆ ಒಂದು ಮಾತು. ಕುಸ್ತಿಯಲ್ಲಿ ಚಿತ್ ಮಾಡುವುದು ಅಂತೀವಲ್ಲ, ಇಪ್ಪೋನ್ ಅದರ ಅಣ್ಣ. ಒತ್ತಿ ಹಿಡಿಯಲೇಬೇಕು ಅಂತಿಲ್ಲ. ಜೋರಾಗಿ, ವೇಗವಾಗಿ, ಹಿಡಿತ ಬಿಡದೆ ಬೆನ್ನ ಮೇಲೆ ಎಸೆದರೆ ಅಲ್ಲಿಗೇ ಪಂದ್ಯ ಖಲಾಸ್. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮಾತು ಜೂಡೋದಲ್ಲಿ ನಡೆಯೋದಿಲ್ಲ.

ಈಗ ಎಲ್ಲರೂ ಫೋನ್ ತೆಗೆಯಿರಿ. ವಾಟ್ಸಾಪ್ ಅಲ್ಲ, ಕ್ಯಾಲ್ಕುಲೇಟರ್. 48ನ್ನು 1.72ರಿಂದ ಎರಡು ಸಲ ಭಾಗಿಸಿ. ಎಷ್ಟು ಬಂತು? 16.2. ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ ಇದು, ಬಿಎಂಐ ಅಂತಾರೆ. ದೊಡ್ಡವರಿಗೆ 18.5ಕ್ಕಿಂತ ಕಡಿಮೆ ಇದ್ದರೆ ತೂಕ ಸಾಲದು ಅಂತಾರೆ ಡಾಕ್ಟರುಗಳು. ಅವಳ ಎತ್ತರಕ್ಕೆ ಆ ಲೆಕ್ಕ ಹೆಚ್ಚೂಕಡಿಮೆ 55 ಕಿಲೋ ಆಗುತ್ತದೆ. ಅವಳು 48ರಲ್ಲಿ ಆಡುತ್ತಿದ್ದಳು. ಎತ್ತರ ಅವಳಿಗೆ ವರ ಅಂತ ಎಲ್ಲರೂ ಬರೆದರು. ನಿಜವೇ. ಆದರೆ ಆ ವರ ಇದ್ದದ್ದು ಕುಳ್ಳಗಿನವರ ವಿಭಾಗದಲ್ಲಿ ಉಳಿದಷ್ಟು ದಿನ ಮಾತ್ರ. ಅಲ್ಲಿ ಉಳಿಯೋಕೆ ಪ್ರತಿ ಸಲ ಮಷೀನಿನ ಮೇಲೆ ನಿಲ್ಲಬೇಕು. ನಾನು ಮತ್ತೆ ಮತ್ತೆ ಈ ಮಷೀನಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾಕೆ ಬರುತ್ತೇನೆ ಅಂದರೆ, ಬೆಳಿಗ್ಗೆ ನೋಡಿದ ಆ ರೇನ್‌ಕೋಟ್ ಐಡಿಯಾ ನನ್ನದೂ ಹೌದು. ನಾನು ಹೊಸದಾಗಿ ಕೋಚ್ ಆಗಿದ್ದ ಕಾಲ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ, ಬಲು ಚುರುಕು. ಟೂರ್ನಿಗೆ ಹೋದರೆ ಒಂದು ಕಿಲೋ ಇನ್ನೂರು ಗ್ರಾಂ ಜಾಸ್ತಿ. ಮೇಲಿನ ವಿಭಾಗದಲ್ಲಿ ಆಡಿಸಬಹುದಿತ್ತು. ಅಲ್ಲಿ ನಮ್ಮದೇ ಇನ್ನೊಬ್ಬಳಿದ್ದಳು. ಎರಡು ಮೆಡಲ್ ಯಾಕೆ ಬಿಡಬೇಕು ಅನ್ನುವ ಆಸೆ ನನಗೆ. ರಾತ್ರಿ ಊಟ ಬೇಡ ಅಂದೆ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಓಡಿಸಿದೆ. ಬಾಯಿಗೆ ಹುಣಸೆಹಣ್ಣು ಕೊಟ್ಟು ಕೂರಿಸಿದೆ. ಜೊಲ್ಲು ಬಂದ ಹಾಗೆ ಉಗುಳಬೇಕು, ನುಂಗುವ ಹಾಗಿಲ್ಲ. ಪ್ಲಾಸ್ಟಿಕ್ ಮಗ್ಗಿನಲ್ಲಿ ಅವಳು ಉಗುಳೋದು, ನಾನು ಬಗ್ಗಿ ಎಷ್ಟಾಯ್ತು ಅಂತ ನೋಡೋದು. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಅವತ್ತು ಹೆಮ್ಮೆ ಇತ್ತು! ಮಷೀನಿನ ಮುಳ್ಳು ಗೆರೆಯ ಮೇಲೆ ನಿಂತಾಗ ಚಪ್ಪಾಳೆ ತಟ್ಟಿದೆ.

ಕಂಚು ಬಂತು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಆರು ಇಡ್ಲಿ ತಿಂದಳು. ಬಸ್ಸಿನ ಕಿಟಕಿಯಲ್ಲಿ ಆರೂ ಹೊರಗೆ ಬಂದವು. ಅವಳ ತಾಯಿ ಮರುದಿನ ಸ್ಕೂಲಿಗೆ ಬಂದರು. ಜಗಳ ಮಾಡಲಿಲ್ಲ. “ನೀವೂ ಹೆಣ್ಣಲ್ವಾ ಮೇಡಂ” ಅಂದರು, ಅಷ್ಟೇ. ಆ ಹುಡುಗಿಗೆ ಮೂರು ತಿಂಗಳಿಂದ ಮುಟ್ಟು ನಿಂತಿತ್ತಂತೆ. ನಾನು ಕೇಳಿರಲೇ ಇಲ್ಲ. ಮಗ್ಗು ನೋಡಿದ್ದೆ, ಇದನ್ನು ಕೇಳಿರಲಿಲ್ಲ. ಅವಳು ಮತ್ತೆ ಪ್ರಾಕ್ಟೀಸಿಗೆ ಬರಲಿಲ್ಲ.

ಸರಿ, ದಾರಿಯಾ. 2019ರಲ್ಲಿ ಟೋಕಿಯೋದ ನಿಪ್ಪೋನ್ ಬುಡೋಕಾನ್‌ನಲ್ಲಿ ಮತ್ತೆ ವಿಶ್ವ ಚಾಂಪಿಯನ್. ಫೈನಲ್‌ನಲ್ಲಿ ಮತ್ತೆ ಅದೇ ತೊನಾಕಿ, ಅದೂ ತೊನಾಕಿಯ ದೇಶದಲ್ಲಿ. ಮರುವರ್ಷ ಅದೇ ಜಾಗದಲ್ಲಿ ಒಲಿಂಪಿಕ್ಸ್. ಚಿನ್ನ ಇವಳದ್ದೇ ಅಂತ ನಾವೆಲ್ಲ ಮೊದಲೇ ಹಂಚಿಬಿಟ್ಟಿದ್ದೆವು. ಕೊರೋನಾ ಬಂತು, ಆಟ ಒಂದು ವರ್ಷ ಮುಂದೆ ಹೋಯಿತು. 48 ಕಿಲೋದಲ್ಲಿ ಇನ್ನೂ ಒಂದು ವರ್ಷ. ಬೆಳೆಯುವ ಮೈಗೆ ಕ್ಯಾಲೆಂಡರ್ ಗೊತ್ತಾಗುತ್ತಾ?

2021ರ ಜುಲೈ 24, ಶನಿವಾರ. ನಿಮಗೆ ನೆನಪಿರಬೇಕು, ಅವತ್ತು ಮೀರಾಬಾಯಿ ಚಾನುಗೆ ಬೆಳ್ಳಿ ಬಂತು. ಇಡೀ ದೇಶ 49 ಕಿಲೋ ವೇಟ್‌ಲಿಫ್ಟಿಂಗ್ ನೋಡುತ್ತಿತ್ತು. ನಾನೊಬ್ಬಳು 48 ಕಿಲೋ ಜೂಡೋ ನೋಡುತ್ತಾ ಕೂತಿದ್ದೆ. ಅದರಲ್ಲಿ ನಮ್ಮವಳೂ ಇದ್ದಳು, ಮಣಿಪುರದ ಸುಶೀಲಾ ದೇವಿ. ಆ ಒಲಿಂಪಿಕ್ಸ್‌ನಲ್ಲಿ ಭಾರತದ ಜೂಡೋ ತಂಡ ಅಂದರೆ ಅವಳೊಬ್ಬಳೇ. ಮೊದಲ ಸುತ್ತಿನಲ್ಲೇ ಹಂಗೇರಿಯ ಚೆರ್ನೊವಿಟ್ಸ್ಕಿ ಎದುರು ಸೋತಳು. ಪೇಪರಿನಲ್ಲಿ ಎರಡು ಸಾಲು.

ದಾರಿಯಾ ಸೆಮಿಫೈನಲ್‌ಗೆ ಬಂದಳು. ಎದುರಿಗೆ ಯಾರು? ತೊನಾಕಿ! ಈ ಸಲ ತೊನಾಕಿ ಗೆದ್ದಳು. ತೂಕದಿಂದಲೇ ಸೋತಳು ಅಂತ ನಾನು ಹೇಳೋದಿಲ್ಲ, ಅದು ತೊನಾಕಿಗೆ ಮಾಡುವ ಅನ್ಯಾಯ. ಎರಡು ಸಲ ಫೈನಲ್ ಸೋತು, ಮನೆಗೆ ಹೋಗಿ, ಆ ಉದ್ದದ ಕೈ ಬಿಡಿಸೋದು ಹೇಗೆ ಅಂತ ಕಲಿತು ಬಂದವಳು ಅವಳು. ಮುಂದೆ ಫೈನಲ್‌ನಲ್ಲಿ ಕೊಸೊವೊದ ಡಿಸ್ಟ್ರಿಯಾ ಕ್ರಾಸ್ನಿಚಿ ಅವಳನ್ನೂ ಸೋಲಿಸಿದಳು. ದಾರಿಯಾ ಇಸ್ರೇಲಿನ ಶಿರಾ ರಿಶೋನಿಯನ್ನು ಸೋಲಿಸಿ ಕಂಚು ತಗೊಂಡಳು. ಗೆದ್ದೂ ಅತ್ತಳು. ಖಾಲಿ ಸ್ಟೇಡಿಯಂ, ನೋಡೋಕೆ ಜನ ಇಲ್ಲ. ಆ ಕ್ರೀಡಾಕೂಟದಲ್ಲಿ ಉಕ್ರೇನಿಗೆ ಬಂದ ಮೊದಲ ಪದಕ ಅದು. ಜೂಡೋದಲ್ಲಿ ಅವರ ಹೆಣ್ಣುಮಕ್ಕಳಿಗೆ ಸಿಕ್ಕ ಮೊದಲ ಒಲಿಂಪಿಕ್ ಪದಕವೂ ಹೌದು. ಅದಕ್ಕೆ ಮೊದಲು ಮಶುರೆಂಕೊ, ಹೊಂತ್ಯುಕ್, ಎಲ್ಲ ಗಂಡಸರೇ. ಇಪ್ಪತ್ತು ವರ್ಷದ ಹುಡುಗಿ ಒಲಿಂಪಿಕ್ ಕಂಚು ಗೆದ್ದು ಅಳುತ್ತಾಳೆ ಅಂದರೆ, 17ಕ್ಕೆ ನಾವು ಅವಳ ತಲೆ ಮೇಲೆ ಏನೇನು ಹೊರಿಸಿದ್ದೆವು ನೋಡಿ.

ಅಲ್ಲಿಂದ ಮುಂದೆ ಅವಳು ಒಂದು ಕೆಲಸ ಮಾಡಿದಳು. 52 ಕೂಡ ಬಿಟ್ಟು ನೇರವಾಗಿ 57 ಕಿಲೋಗೆ ಹೋದಳು. ಫೋನ್ ಇನ್ನೂ ಕೈಯಲ್ಲಿದ್ದರೆ ಭಾಗಿಸಿ, 19.3 ಬರುತ್ತದೆ. ಕೊನೆಗೂ ಹೊಟ್ಟೆ ತುಂಬ ಊಟ! ಆದರೆ ಅಲ್ಲಿ ಎಲ್ಲರೂ ಬಲಿಷ್ಠರು. 48ರಲ್ಲಿ ಕೊಡೆ ಹಿಡಿದ ಹಾಗಿದ್ದ ಆ ಎತ್ತರ ಇಲ್ಲಿ ಅಷ್ಟು ದೊಡ್ಡ ವಿಷಯ ಅಲ್ಲ. ಮತ್ತೆ ಮೊದಲಿನಿಂದ ಕಲಿಯಬೇಕು.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದು ಹೊಡೆದು ಹಾಕಿ ಐದು ಮಾಡಿದ್ದಾರೆ. ಇದೂ ಒಂಥರಾ ತೂಕ ಇಳಿಸೋದೇ.

ಬೇಗ ಹೇಳಿಬಿಡುತ್ತೇನೆ. 2022ರ ಫೆಬ್ರವರಿ 24, ಯುದ್ಧ. ಕೀವ್ ಮೇಲೆ ಬಾಂಬು. ದಾರಿಯಾ ದೇಶ ಬಿಟ್ಟು ಸ್ಪೇನಿನಲ್ಲಿ ಅಭ್ಯಾಸ ಮಾಡಿದಳು. ತಮಾಷೆ ನೋಡಿ, ತಮಾಷೆ ಅನ್ನಬಾರದು, ಅಂತರರಾಷ್ಟ್ರೀಯ ಜೂಡೋ ಫೆಡರೇಶನ್ನಿಗೆ 2008ರಿಂದ ಗೌರವಾಧ್ಯಕ್ಷರು ಯಾರು ಗೊತ್ತಾ? ಪುಟಿನ್. ಬ್ಲ್ಯಾಕ್ ಬೆಲ್ಟ್ ಅಲ್ವಾ! ಯುದ್ಧ ಶುರುವಾಗಿ ಮೂರು ದಿನಕ್ಕೆ ಆ ಪದವಿ ಅಮಾನತು ಮಾಡಿದರು. 2023ರ ದೋಹಾ ವಿಶ್ವ ಚಾಂಪಿಯನ್‌ಶಿಪ್‌ಗೆ ರಷ್ಯಾದವರನ್ನು ತಟಸ್ಥರು ಅಂತ ಸೇರಿಸಿಕೊಂಡರು. ಉಕ್ರೇನ್ ತಂಡ ಹೋಗಲಿಲ್ಲ. ಒಲಿಂಪಿಕ್ಸ್‌ಗೆ ಅರ್ಹತೆ ಕೊಡುವ ಅಂಕಗಳು ಅಲ್ಲಿದ್ದವು, ಆದರೂ ಹೋಗಲಿಲ್ಲ. ಇದರ ಬಗ್ಗೆ ಬೇರೆಯೇ ಒಂದು ಗಂಟೆ ಮಾತಾಡಬಹುದು, ಇವತ್ತು ಆಗೋದಿಲ್ಲ.

2024, ಪ್ಯಾರಿಸ್. 57ರಲ್ಲಿ ಆಡಿದಳು, ಪದಕ ಬರಲಿಲ್ಲ. ಕೆನಡಾದ ಕ್ರಿಸ್ಟಾ ದೆಗುಚಿಗೆ ಚಿನ್ನ. ಅದೇ ಪ್ಯಾರಿಸ್‌ನಲ್ಲಿ ನಮ್ಮ ಕುಸ್ತಿಯ ವಿನೇಶ್, ತೂಕ 100 ಗ್ರಾಂ ಜಾಸ್ತಿ. ಅದನ್ನು ನಾನು ಹೇಳಬೇಕಾ? ಈ ಹಾಲಿನಲ್ಲಿ ಅವತ್ತು ಊಟ ಬಿಟ್ಟವರು ಎಷ್ಟೋ ಜನ ಇದ್ದೀರಿ.

ಇನ್ನೆರಡು ವಿಷಯ ಇತ್ತು, ತೂಕ ಇಳಿಸೋಕೆ ನೀರು ಕುಡಿಯೋದು ಬಿಡಿಸುವ ಬಗ್ಗೆ, ಔಷಧಿಗಳ ಬಗ್ಗೆ. ಬಿಡಿ. ಆ ಇಬ್ಬರು ರೇನ್‌ಕೋಟ್ ಹುಡುಗಿಯರು ಇಲ್ಲೇ ಇದ್ದೀರಾ? ಕೈ ಎತ್ತಬೇಡಿ, ನಿಮ್ಮ ಕೋಚ್ ಕೂಡ ಇಲ್ಲೇ ಇರುತ್ತಾರೆ. ಊಟ ಆದ ಮೇಲೆ, ಅಂದರೆ ಸರಿಯಾಗಿ ಊಟ ಮಾಡಿದ ಮೇಲೆ, ಮ್ಯಾಟ್ ಹತ್ತಿರ ಬನ್ನಿ. ಲ್ಯಾಪ್‌ಟಾಪ್‌ನಲ್ಲಿ ಬಾಕು ಫೈನಲ್ ಇದೆ, ನಿಧಾನಕ್ಕೆ ಓಡಿಸಿ ತೋರಿಸುತ್ತೇನೆ. ಎಲ್ಲರೂ ಅವಳ ಕೈ ನೋಡುತ್ತಾರೆ. ನೀವು ಎಡಗಾಲು ಎಲ್ಲಿ ಊರುತ್ತಾಳೆ ನೋಡಿ.